ಭಾನುವಾರದ ಹೊಗೆ

ಖಾರ್‌ಘರ್‌ನ ಆ ಕಟ್ಟಡದ ನೆಲಮಹಡಿಯಲ್ಲಿ ಹೃಷಿಕೇಶ್ ಮನೆ ಕೊಂಡಾಗ ಹಾಲ್‌ನ ಹಿಂಬಾಗಿಲಿಗೆ ಅಂಟಿಕೊಂಡಂತೆ ಒಂದು ಚಿಕ್ಕ ತೆರೆದ ಜಾಗವೂ ಸಿಕ್ಕಿತ್ತು. ನೆಲಕ್ಕೆ ಕಲ್ಲು ಹಾಸಿ, ಸುತ್ತ ಸೊಂಟದೆತ್ತರ ಗೋಡೆ ಕಟ್ಟಿದ್ದರು. ಬಿಲ್ಡರು ಅದನ್ನು ಪ್ಯಾಟಿಯೋ ಅಂದಿದ್ದ. ಹೃಷಿಕೇಶನ ತಾಯಿ ಜಾನಕಮ್ಮ ಹಿತ್ತಿಲು ಅನ್ನುತ್ತಿದ್ದರು. ಹೆಂಡತಿ ಶ್ರೀವಿದ್ಯಾಳಿಗೆ ಅದು ಬಟ್ಟೆ ಒಣಗಿಸುವ ಜಾಗ. ಮೂವರೂ ಅಲ್ಲಿ ಒಟ್ಟಿಗೆ ಕೂತದ್ದೇ ಇರಲಿಲ್ಲ.

ಒಳಗೂ ಕೂರುತ್ತಿರಲಿಲ್ಲ. ಡಾಕ್ಟರು ಹೇಳಿದರೆಂದು ಶ್ರೀವಿದ್ಯಾ ಮಗಳು ಮಾನ್ಯಾಳಿಗೆ ಮೊಟ್ಟೆ ಬೇಯಿಸಿದ ದಿನದಿಂದ ಜಾನಕಮ್ಮ ಹಿಂಬಾಗಿಲ ಮೂಲೆಯಲ್ಲಿ ತಮ್ಮದೇ ಚಿಕ್ಕ ಒಲೆ ಇಟ್ಟುಕೊಂಡು, ದೀಪ ಹಚ್ಚುವ ಹೊತ್ತಿಗೇ ಊಟ ಮುಗಿಸುತ್ತಿದ್ದರು. ಶ್ರೀವಿದ್ಯಾ ವಾಶಿಯ ಬ್ಯಾಂಕಿನಿಂದ ಬರುವಷ್ಟರಲ್ಲಿ ಅತ್ತೆಯ ತಟ್ಟೆ ತೊಳೆದು ಬೋರಲು ಹಾಕಿರುತ್ತಿತ್ತು.

2014ರ ಯುಗಾದಿ ದಿನ ಹೋಳಿಗೆಯ ನೆಪದಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಾಗ ಹೃಷಿಕೇಶ್ ಮಾತೆತ್ತಿದ. "ಹಿಂದುಗಡೆ ಇಡೋಕೆ ಒಂದು ಗ್ರಿಲ್ ತರೋಣ ಅಂತಿದೀನಿ."

"ಕಿಟಕಿಗೆಲ್ಲ ಹಾಕ್ಸಿದೀಯಲ್ಲ ಆಗ್ಲೇ," ಅಂದರು ಜಾನಕಮ್ಮ.

"ಆ ಗ್ರಿಲ್ ಅಲ್ಲಮ್ಮ. ಗ್ಯಾಸಿನ ಒಲೆ, ಮೇಲೆ ಕಬ್ಬಿಣದ ಜಾಲರಿ ಇರತ್ತೆ. ಜೋಳ, ಬದನೆಕಾಯಿ, ಪನೀರ್ ಎಲ್ಲ ಸುಡಬಹುದು."

"ಬದನೆಕಾಯಿ ಸುಡೋಕೆ ಒಳಗಿನ ಒಲೆ ಸಾಲಲ್ವೇನೋ?"

"ಭಾನುವಾರವಾದ್ರೂ ನಾಲ್ಕು ಜನ ಹೊರಗೆ ಕೂತು ಒಂದೇ ಹೊತ್ತಿಗೆ ತಿನ್ನೋಣ ಅಂತ."

ಶ್ರೀವಿದ್ಯಾ ಹೋಳಿಗೆಗೆ ತುಪ್ಪ ಹಾಕುತ್ತ, "ಬಟ್ಟೆ ಎಲ್ಲಿ ಒಣಗಿಸ್ಲಿ?" ಅಂದಳು.

"ಪಾಪಾ, ಕಾರ್ನ್ ಭೀ ಬನೇಗಾ ನಾ?" ಅಂದಳು ಒಂಬತ್ತು ವರ್ಷದ ಮಾನ್ಯಾ, ಜೋಳದ ಆಸೆಗೆ, ಶಾಲೆಯ ಹಿಂದಿಯಲ್ಲಿ.

"ತಂದ್ರೆ ತಾ," ಅಂದರು ಜಾನಕಮ್ಮ. "ತರಕಾರಿ ಬಿಟ್ಟು ಇನ್ನೊಂದು ಅದರ ಮೇಲೆ ಬೀಳಬಾರದು. ಬಿತ್ತೋ, ನಾನು ಭಾಗ್ಯಾ ಮನೆಗೆ ಹೋಗ್ತೀನಿ." ಭಾಗ್ಯಾ ಡೊಂಬಿವಲಿಯಲ್ಲಿದ್ದ ಅವರ ಮಗಳು.

ಗಂಡ ಹೆಂಡತಿ ಎರಡು ಶನಿವಾರ ಅಂಗಡಿ ಸುತ್ತಿದರು. ಇದ್ದಲಿನದು ಅಗ್ಗವಾಗಿತ್ತು, ಆದರೆ ಮೇಲಿನ ಮನೆಯವರು ಸೊಸೈಟಿಗೆ ದೂರು ಕೊಡುವುದು ಖಂಡಿತ. ಕರೆಂಟಿನದಕ್ಕೆ ಹೊರಗೆ ಪ್ಲಗ್ ಇರಲಿಲ್ಲ. ಗ್ಯಾಸಿನವೆಲ್ಲ ದೊಡ್ಡವು. ಇಟ್ಟರೆ ಬಾಗಿಲು ತೆರೆಯದು, ಬಟ್ಟೆಯ ಸ್ಟ್ಯಾಂಡಿಗೆ ತಾಗುವುದು. ಶ್ರೀವಿದ್ಯಾ ಬ್ಯಾಗಿನಲ್ಲಿ ಟೇಪು ಇಟ್ಟುಕೊಂಡೇ ಹೊರಟಿದ್ದಳು. ಒಂದು ಮಾತ್ರ ಅಳತೆಗೆ ಸರಿಹೋಯಿತು. ಹೊರದೇಶದ ಮಾಲು. "ನಮ್ಮ ಸಿಲಿಂಡರಿನ ರೆಗ್ಯುಲೇಟರು ಇದಕ್ಕೆ ಕೂರಲ್ಲ ಸಾಹೇಬ್, ಬೇರೆ ಏನಾದ್ರೂ ಜೋಡಿಸ್ಕೋಬೇಕು," ಅಂದ ಅಂಗಡಿಯವನು. ಅದನ್ನು ಕೇಳಿ ಶ್ರೀವಿದ್ಯಾ ಗಂಡನ ತೋಳು ಹಿಡಿದು ಹೊರಗೆ ಕರೆತಂದಳು.

ಕೊನೆಗೆ ಹೃಷಿಕೇಶನ ಫೋನಿನಲ್ಲಿ ಹಳೇ ಸಾಮಾನಿನ ಜಾಹೀರಾತೊಂದು ಸಿಕ್ಕಿತು. ಮಡಚುವ ಕಾಲು, ಎರಡು ಬರ್ನರು, ಮುಚ್ಚಳ, ಚಿಕ್ಕ ಸಿಲಿಂಡರಿಗೆ ಹೊಂದುತ್ತದೆ. ಜಾಗ ನೆರೂಳ್. ಜಯಶೀಲಾ ಅಂತ ಹೆಸರಿತ್ತು.

ಬಾಗಿಲು ತೆರೆದವಳಿಗೆ ಐವತ್ತರ ಹತ್ತಿರ. ಇವರಿಬ್ಬರ ಮಾತು ಕೇಳಿ, ಅವಳೂ ಕನ್ನಡದಲ್ಲೇ, ಉಡುಪಿ ಕಡೆಯ ರಾಗದಲ್ಲಿ, "ಬನ್ನಿ," ಅಂದಳು. ಮನೆ ಚೊಕ್ಕಟವಾಗಿತ್ತು. ಮಧ್ಯಾಹ್ನದ ಹೊತ್ತು, ಆದರೂ ಅಡುಗೆಯ ಯಾವ ವಾಸನೆಯೂ ಇರಲಿಲ್ಲ. ಒಗ್ಗರಣೆಯದಿಲ್ಲ, ಕಾಫಿಯದೂ ಇಲ್ಲ. ಬಾಲ್ಕನಿಯಲ್ಲಿ ಗ್ರಿಲ್ಲಿನ ಮೇಲೆ ಬಿಳಿ ದುಪ್ಪಟಿ ಹೊದಿಸಿ, ನಾಲ್ಕೂ ತುದಿಗಳನ್ನು ಕೆಳಗೆ ಸಿಕ್ಕಿಸಿದ್ದಳು.

ಹೃಷಿಕೇಶ್ ಬೆಲೆ ಕೇಳಿದ. ಅವಳು ಅದಕ್ಕೆ ಉತ್ತರಿಸದೆ, "ಎಲ್ಲಿ ಇಡ್ತೀರಿ ಇದನ್ನು? ಹೊರಗೆ ಜಾಗ ಉಂಟಾ?" ಅಂದಳು.

"ಉಂಟು. ಚಿಕ್ಕದು."

"ಬಲಗಡೆಯ ಬರ್ನರು ಸ್ವಲ್ಪ ತಡವಾಗಿ ಹಿಡೀತದೆ. ಹೆದರ್ಬೇಡಿ. ಪೈಪಿನ ಜಾಯಿಂಟಿಗೆ ತಿಂಗಳಿಗೊಮ್ಮೆ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಬಂದ್ರೆ ಹಚ್ಚುದು ಬೇಡ. ನೀವೇನಾ ಸುಡುದು?"

"ಹೌದು, ನಾನೇ."

"ಯಾವಾಗ ಹಚ್ತೀರಿ?"

"ಭಾನುವಾರ ಸಂಜೆ, ಅಂದ್ಕೊಂಡಿದೀವಿ."

ಅವಳು ತಲೆ ಆಡಿಸಿದಳು. ಮನೆ ಯಾವ ಸೆಕ್ಟರು, ಯಾವ ಕಟ್ಟಡ ಅಂತಲೂ ಕೇಳಿದಳು. ಶ್ರೀವಿದ್ಯಾ ಸುಮ್ಮನಿರಲಾರದೆ, "ನಿಮ್ಮ ಯಜಮಾನರು?" ಅಂದಳು.

"ಅವರಿಲ್ಲ," ಅಂದಳು ಜಯಶೀಲಾ.

ಶ್ರೀವಿದ್ಯಾ ತಲೆ ತಗ್ಗಿಸಿದಳು. ಒಳಕೋಣೆಯ ಬಾಗಿಲು ಮುಚ್ಚಿತ್ತು. ಅದರ ಹಿಂದೆ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು.

ದುಡ್ಡು ಕೊಟ್ಟು ಗ್ರಿಲ್ಲನ್ನು ಮನೆಗೆ ತಂದ ಮೊದಲ ಭಾನುವಾರ ಎಲ್ಲ ಸಲೀಸಾಗಿ ನಡೆಯಿತು. ಶ್ರೀವಿದ್ಯಾ ಬೆಳಿಗ್ಗೆಯೇ ಬಟ್ಟೆ ತೆಗೆದಳು. ಹೃಷಿಕೇಶ್ ಜಾಲರಿಯ ತುಕ್ಕು ತಿಕ್ಕಿ, ಈರುಳ್ಳಿಯ ಹೋಳಿನಿಂದ ಎಣ್ಣೆ ಸವರಿದ. ಜಾನಕಮ್ಮ ದೂರದ ಕುರ್ಚಿಯಲ್ಲಿ ಕೂತು, "ಬದನೆಕಾಯಿ ಆ ಮಗ್ಗುಲು ಬೆಂದಿಲ್ಲ ಕಣೋ," ಅನ್ನುತ್ತಿದ್ದರು. ಸುಟ್ಟ ಸಿಪ್ಪೆ ಸುಲಿದು, ಹಸಿಮೆಣಸಿನಕಾಯಿ ಹಾಕಿ, ತಾವೇ ಗೊಜ್ಜು ಕಿವುಚಿದರು. ಸೊಸೆ ಅದನ್ನು ಎರಡು ಸಲ ಬಡಿಸಿಕೊಂಡಳು. ಅದನ್ನು ಅವರು ನೋಡಿದರು.

ಎರಡನೆಯ ಭಾನುವಾರ ಜೋಳ ಸುಡುತ್ತಿರುವಾಗ ಮಾನ್ಯಾ, "ಪಾಪಾ, ವೋ ಆಂಟಿ ಕೌನ್ ಹೈ?" ಅಂದಳು.

ಗೋಡೆಯಾಚೆ ಜಯಶೀಲಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ಏಪ್ರಿಲ್ ಕೊನೆಯ ಸೆಕೆ, ನಿಂತಲ್ಲೇ ಬೆವರು ಇಳಿಯುತ್ತಿತ್ತು. ಅವಳು ಮೈತುಂಬ ಕಂದು ಬಣ್ಣದ ಉಣ್ಣೆಯ ಶಾಲು ಹೊದ್ದಿದ್ದಳು.

"ಹೇಗೆ ಉರೀತದೆ ನೋಡುವ ಅಂತ ಬಂದೆ," ಅಂದಳು.

ಹೃಷಿಕೇಶ್ ಒಳಗೆ ಕರೆದ. ಶ್ರೀವಿದ್ಯಾ ತಟ್ಟೆ ತಂದಳು. ಅವಳು ತಟ್ಟೆ ಮುಟ್ಟಲಿಲ್ಲ, ಕುರ್ಚಿಯಲ್ಲೂ ಕೂರಲಿಲ್ಲ. "ನಾನು ಹೀಗೇ ನಿಲ್ತೇನೆ," ಅಂದು ಗ್ರಿಲ್ಲಿನ ಪಕ್ಕ, ಹೊಗೆ ಹೋಗುತ್ತಿದ್ದ ದಿಕ್ಕಿಗೆ ನಿಂತಳು. ಗಾಳಿ ತಿರುಗಿ ಹೊಗೆ ಗೋಡೆಯ ಕಡೆ ವಾಲಿದಾಗ ಅವಳೂ ಗೋಡೆಯ ಕಡೆ ಸರಿದಳು. ಕಣ್ಣು ಮುಚ್ಚಿದ್ದರೂ ಹೆಜ್ಜೆ ತಪ್ಪಲಿಲ್ಲ. ಆಮೇಲೆ ಕೈ ಹಿಂದೆ ಒಯ್ದು ತುರುಬು ಬಿಚ್ಚಿದಳು. ಸೊಂಟದವರೆಗಿನ ಕೂದಲು ಇಳಿಬಿದ್ದು ಹೊಗೆಯಲ್ಲಿ ಮುಳುಗಿತು.

ಜಾನಕಮ್ಮ ಕುರ್ಚಿಯಿಂದ ಎದ್ದು ಮಾನ್ಯಾಳ ಕೈ ಹಿಡಿದು ಒಳಗೆ ಹೋದರು.

ಬೆಂಕಿ ಆರಿದ ಮೇಲೆ ಹೃಷಿಕೇಶ್, "ಸ್ಟೇಷನ್‌ವರೆಗೂ ಬೈಕಲ್ಲಿ ಬಿಡ್ತೀನಿ," ಅಂದ.

"ಬೇಡ. ಗಾಳಿ ಆಗುದಿಲ್ಲ," ಅಂದಳು. ಕೂದಲನ್ನು ಶಾಲಿನೊಳಗೆ ಸೇರಿಸಿ, ಶಾಲನ್ನು ಎದೆಗೆ ಬಿಗಿಯಾಗಿ ಸುತ್ತಿಕೊಂಡು, ತುಂಬಿದ ಕೊಡ ಹೊತ್ತವಳ ಹಾಗೆ ನಿಧಾನವಾಗಿ ನಡೆದು ಹೋದಳು.

"ಮುಸ್ಸಂಜೆ ಹೊತ್ತಲ್ಲಿ ಮನೆ ಬಾಗಿಲಲ್ಲಿ ಕೂದಲು ಬಿಚ್ಕೊಂಡು ನಿಂತ್ಕೋತಾಳೆ," ಅಂದರು ಜಾನಕಮ್ಮ. "ಏನು ಹೆಂಗಸೋ."

"ಗಂಡ ಸತ್ತ ದುಃಖ ಅತ್ತೆ. ಅವರ ನೆನಪಿಗೆ ಬಂದಿರ್ತಾರೆ."

"ದುಃಖ ಇರೋರು ಅಳ್ತಾರೆ. ಇವಳು ಕಣ್ಣು ಮುಚ್ಕೊಂಡು ಮೂಸ್ತಿದ್ಲು. ನಾನು ನೋಡಿದೀನಿ."

ಮುಂದಿನ ಭಾನುವಾರವೂ ಅವಳು ಬಂದಳು, ಅದರ ಮುಂದಿನದೂ. ಅದೇ ಶಾಲು. ಮಾತು ಬಹಳ ಇಲ್ಲ. ಹೃಷಿಕೇಶನಿಗೆ ಮಾತ್ರ ಏನಾದರೂ ಹೇಳುತ್ತಿದ್ದಳು. ಮುಚ್ಚಳ ಹಾಕಿ. ಎಣ್ಣೆ ಕೆಳಗೆ ಬೀಳಲಿ. ಸಿಪ್ಪೆ ಒಂದಿಷ್ಟು ಸುಡಲಿ. ಅವನು ಹೇಳಿದ್ದನ್ನೆಲ್ಲ ಮಾಡುತ್ತಿದ್ದ.

"ಜೋಳದ ಸಿಪ್ಪೆ ಯಾಕೆ ಹಾಕ್ತಿದೀಯ? ಬರೀ ಹೊಗೆ," ಅಂದಳು ಶ್ರೀವಿದ್ಯಾ ಒಂದು ಸಲ, ಜಯಶೀಲಾ ಹೋದ ಮೇಲೆ.

"ಅವರು ಕೇಳಿದ್ರು."

"ಅವರು ಕೇಳಿದ್ರೆ? ಪರದೆಗೆಲ್ಲ ವಾಸನೆ ಹಿಡಿದಿದೆ. ವಾರವಾರ ಒಗೆಯೋಳು ನಾನು."

"ಏನು ತಿಂತಾರಾ, ಕುಡೀತಾರಾ? ಸುಮ್ಮನೆ ನಿಂತು ಹೋಗ್ತಾರೆ. ಬರಬೇಡಿ ಅಂತ ಹೇಗೆ ಹೇಳೋದು?"

"ಬಾಯಿಂದ ಹೇಳೋದು. ನನಗೆ ಹೇಳೋ ಹಾಗೆ."

ಆ ವಾರ ಒಂದು ಸಂಜೆ ಶ್ರೀವಿದ್ಯಾ ಕೆಲಸದಿಂದ ಬಂದಾಗ ಮನೆಯಲ್ಲಿ ಮೆಣಸಿನಕಾಯಿ ಸುಟ್ಟ ಘಾಟು ತುಂಬಿತ್ತು. ಜಾನಕಮ್ಮ ಮೊಮ್ಮಗಳಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರು. ಮಾನ್ಯಾ ಮಧ್ಯಾಹ್ನ ಗ್ರಿಲ್ಲಿನ ಮುಚ್ಚಳ ತೆಗೆದು, ಜಡೆ ಬಿಚ್ಚಿ, ಅಜ್ಜಿಯ ಶಾಲು ಹೊದ್ದು, ಆರಿದ ಒಲೆಯ ಪಕ್ಕ ಕಣ್ಣು ಮುಚ್ಚಿ ಸುತ್ತುತ್ತಿದ್ದಳಂತೆ.

"ಮೈ ತೋ ಬಸ್ ಖೇಲ್ ರಹೀ ಥೀ," ಸುಮ್ಮನೆ ಆಟ ಆಡ್ತಿದ್ದೆ ಅಷ್ಟೇ ಅಂತ ಹಿಂದಿಯಲ್ಲೇ ಹೇಳಿ ಅಳುತ್ತಿದ್ದಳು ಹುಡುಗಿ.

ಮೇ ತಿಂಗಳ ನಡುವಿನ ಒಂದು ಭಾನುವಾರ ಜಾನಕಮ್ಮ ಪಕ್ಕದ ಸೆಕ್ಟರಿನ ಭಜನೆಗೆ ಹೋದರು. ಶ್ರೀವಿದ್ಯಾ ಮಗಳನ್ನು ಕರೆದುಕೊಂಡು ತರಕಾರಿಗೆ ಹೋಗಿದ್ದಳು. ಜಯಶೀಲಾ ಅಂದು ಶಾಲಿನೊಳಗಿಂದ ಒಂದು ಡಬ್ಬಿ ತೆಗೆದಳು. ಒಳಗೆ ಮಸಾಲೆ ಹಚ್ಚಿದ ಬಂಗುಡೆ ಮೀನು.

"ಇವತ್ತೊಂದು ದಿನ ಇದನ್ನು ಹಾಕಿ," ಅಂದಳು. "ತರಕಾರಿಯ ಹೊಗೆ ನಿಲ್ಲುದಿಲ್ಲ. ಮನೆ ಮುಟ್ಟುವುದರೊಳಗೆ ಹೋಗಿರ್ತದೆ."

ಏನು ಹೋಗಿರುತ್ತದೆ ಅಂತ ಹೃಷಿಕೇಶ್ ಕೇಳಲಿಲ್ಲ. ಅವಳ ಮುಖ ನೋಡಿ ಅವನಿಗೆ ಇಲ್ಲ ಅನ್ನಲಾಗಲಿಲ್ಲ. ಮೀನಿನ ಎಣ್ಣೆ ಬೆಂಕಿಗೆ ತೊಟ್ಟಿಕ್ಕಿ ದಟ್ಟ ಹೊಗೆ ಎದ್ದಾಗ ಅವಳು ಅದರೊಳಗೆ ಮರೆಯಾಗುವಷ್ಟು ಹತ್ತಿರ ನಿಂತಳು.

ಭಜನೆ ಬೇಗ ಮುಗಿದಿತ್ತು. ಜಾನಕಮ್ಮ ಹಿಂಬಾಗಿಲಿಗೆ ಬಂದು ನಿಂತರು. ಜಯಶೀಲಾ ಶಾಲು ಸುತ್ತಿಕೊಂಡು, ಅವರನ್ನು ದಾಟಿ ಹೊರಟುಹೋದಳು. ಮೀನು ಜಾಲರಿಯ ಮೇಲೆಯೇ ಉಳಿದಿತ್ತು. ತಿನ್ನಲು ತಂದದ್ದೇ ಅಲ್ಲ ಅನ್ನುವಂತೆ ಬಿಟ್ಟು ಹೋಗಿದ್ದಳು.

"ಒಂದೇ ಒಂದು ಮಾತು ಕೇಳಿದ್ದೆ ನಿನ್ನನ್ನ," ಅಂದರು ಜಾನಕಮ್ಮ.

"ತಪ್ಪಾಯ್ತಮ್ಮ. ತೊಳೀತೀನಿ."

"ತೊಳೆದ್ರೆ ಹೋಗತ್ತಾ? ಯಾರೋ ಬಂದು ನಿಂತು ಹೇಳಿದ್ರೆ ಹೂಂ ಅಂತೀಯ. ನಾವು ಹೇಳಿದ್ರೆ ಕಿವಿ ಕೇಳಲ್ಲ."

ಶ್ರೀವಿದ್ಯಾ ಬಂದಾಗ ಅತ್ತೆ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. "ಅತ್ತೆ, ಹೋಗಬೇಡಿ," ಅಂದಳು. ಅಷ್ಟು ದಿನದ ಮುನಿಸಿನ ನಂತರ ಆ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೇ ಆಶ್ಚರ್ಯವಾಯಿತು.

"ನಿನ್ನ ಮೇಲೆ ಏನಿಲ್ಲಮ್ಮ. ಮಗೂನ ಆ ಹೆಂಗಸಿನ ಕಣ್ಣಿಗೆ ಬೀಳಿಸಬೇಡ," ಅಂದರು. ಮರುದಿನ ಭಾಗ್ಯಾಳ ಗಂಡ ಬಂದು ಕರೆದುಕೊಂಡು ಹೋದ.

ಗ್ರಿಲ್ಲಿಗೆ ಪ್ಲಾಸ್ಟಿಕ್ ಕಟ್ಟಿದರು. ಮುಂದಿನ ಭಾನುವಾರ ಬೆಂಕಿ ಹಚ್ಚಲಿಲ್ಲ. ಕತ್ತಲಾಗುವ ಹೊತ್ತಿಗೆ ಶ್ರೀವಿದ್ಯಾ ಬಟ್ಟೆ ಎತ್ತಲು ಬಂದಾಗ, ಹ್ಯಾಂಗರಿಗೆ ಹಾಕಿದ್ದ ಅಂಗಿಗಳ ನಡುವೆ ಒಂದು ಮುಖ ಕಂಡಿತು. ಗೋಡೆಯಾಚೆ ಜಯಶೀಲಾ ನಿಂತಿದ್ದಳು, ಕೂದಲು ಬಿಚ್ಚಿಕೊಂಡು.

"ಇನ್ನು ಹಚ್ಚಲ್ಲ ನಾವು. ದಯವಿಟ್ಟು ಬರಬೇಡಿ. ನಿಮ್ಮಿಂದ ನಮ್ಮತ್ತೆ ಮನೆ ಬಿಟ್ಟು ಹೋಗಿದಾರೆ."

"ಸ್ವಲ್ಪವೇ ಸಾಕಿತ್ತು," ಅಂದಳು ಜಯಶೀಲಾ. ಶ್ರೀವಿದ್ಯಾಳನ್ನು ದಾಟಿ ಪ್ಲಾಸ್ಟಿಕ್ ಹೊದ್ದ ಗ್ರಿಲ್ಲನ್ನು ನೋಡಿದಳು. "ಅವರು ಕಾಯ್ತಾ ಇರ್ತಾರೆ."

ಶ್ರೀವಿದ್ಯಾ ಬಟ್ಟೆಗಳನ್ನು ಅಲ್ಲೇ ಬಿಟ್ಟು ಬಾಗಿಲು ಹಾಕಿಕೊಂಡಳು.

ಆ ವಾರವಿಡೀ ಮಾನ್ಯಾ ಹಿಂಬಾಗಿಲ ಹತ್ತಿರ ಸುಳಿಯಲಿಲ್ಲ. ಜಯಶೀಲಾ ಫೋನ್ ಎತ್ತುತ್ತಿರಲಿಲ್ಲ. ಕೊನೆಗೆ ಶ್ರೀವಿದ್ಯಾ, "ಆ ಒಲೆ ಅವರಿಗೇ ಕೊಟ್ಟು ಬಂದುಬಿಡೋಣ. ದುಡ್ಡು ಬೇಡ, ಏನೂ ಬೇಡ," ಅಂದಳು. ಭಾನುವಾರ ಸಂಜೆ ಮಗಳನ್ನು ಮೇಲಿನ ಮನೆಯಲ್ಲಿ ಬಿಟ್ಟು, ಗ್ರಿಲ್ಲನ್ನು ಮಡಚಿ ಟ್ಯಾಕ್ಸಿಯ ಡಿಕ್ಕಿಗೆ ಹಾಕಿದರು. ಬಂಗುಡೆಯ ಎಣ್ಣೆ ಇನ್ನೂ ಜಾಲರಿಗೆ ಅಂಟಿಕೊಂಡಿತ್ತು. ಆ ದಿನದಿಂದ ಅದನ್ನು ಮುಟ್ಟಲು ಯಾರಿಗೂ ಮನಸ್ಸಾಗಿರಲಿಲ್ಲ.

ನೆರೂಳಿನ ಮನೆಯ ಬಾಗಿಲಲ್ಲಿ ಗ್ರಿಲ್ ಇಳಿಸಿ ಬೆಲ್ ಒತ್ತಿದರು. ಉತ್ತರವಿಲ್ಲ. ಈ ಹೊತ್ತಿಗೆ ಅವಳು ಖಾರ್‌ಘರ್‌ನಲ್ಲಿ ತಮ್ಮ ಗೋಡೆಯ ಬಳಿ ನಿಂತಿರುತ್ತಾಳೆ ಎಂಬುದು ಶ್ರೀವಿದ್ಯಾಳಿಗೆ ಆಗಷ್ಟೇ ಹೊಳೆಯಿತು. ಗ್ರಿಲ್ಲನ್ನು ಬಾಗಿಲಲ್ಲೇ ಬಿಟ್ಟು ಹೋಗೋಣವೆಂದು ತಿರುಗಿದಾಗ ಒಳಗೆ ಕಾಲೆಳೆದು ನಡೆಯುವ ಸದ್ದಾಯಿತು. ಬಾಗಿಲಿನ ಆ ಬದಿಗೆ ಬಂದು ನಿಂತಿತು. ಆಮೇಲೆ, ಬಾಗಿಲ ಸಂದಿಗೆ ಮೂಗು ಒತ್ತಿ ಯಾರೋ ಉಸಿರೆಳೆದುಕೊಳ್ಳುವ ಸದ್ದು. ಒಮ್ಮೆ, ಮತ್ತೊಮ್ಮೆ, ದೀರ್ಘವಾಗಿ.

ಹೃಷಿಕೇಶ್ ಹೆಂಡತಿಯ ಕೈ ಹಿಡಿದ. ಬಾಗಿಲು ತೆರೆಯಿತು.

ನಿಂತಿದ್ದವನು ಗಂಡಸು. ಕಣ್ಣಿನ ಕೆಳಗೆ ಮುಖಕ್ಕೆಲ್ಲ ತೆಳು ಪಂಚೆ ಸುತ್ತಿಕೊಂಡಿದ್ದ. ಬಟ್ಟೆಯ ಹಿಂದೆ ಗಲ್ಲ ಇರಬೇಕಾದ ಕಡೆ ತಗ್ಗಿತ್ತು. ಅಂಗಿಯ ಗುಂಡಿಗಳ ನಡುವೆ ಹೊಟ್ಟೆಯಿಂದ ಒಂದು ನಳಿಗೆ ಹೊರಬಂದಿತ್ತು. ಅವನು ಇವರನ್ನು ನೋಡಲಿಲ್ಲ. ಮಂಡಿಯೂರಿ ಕೂತು, ಮುಚ್ಚಳ ಎತ್ತಿ, ಮುಖದ ಬಟ್ಟೆ ಸರಿಸಿ, ಜಾಲರಿಯ ಮೇಲೆ ಬಾಗಿದ.

"ನೀವು ಯಾರು?" ಅಂದಳು ಶ್ರೀವಿದ್ಯಾ.

ಅವನು ತಲೆ ಎತ್ತದೆ ಹಾಲ್‌ನ ಗೋಡೆಯ ಕಡೆ ಬೆರಳು ತೋರಿದ. ಅಲ್ಲಿ ಮದುವೆಯ ಫೋಟೋ. ಚಿಕ್ಕ ವಯಸ್ಸಿನ ಜಯಶೀಲಾಳ ಪಕ್ಕ ಗುಂಡು ಮುಖದವನೊಬ್ಬ ಬಾಯಿತುಂಬ ನಗುತ್ತಿದ್ದ. ಕಣ್ಣು ಅವೇ.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಜಯಶೀಲಾ ಬಂದಳು. ಖಾರ್‌ಘರ್‌ನಲ್ಲಿ ಬಾಗಿಲು ಹಾಕಿದ್ದು ಕಂಡು ಹಿಂತಿರುಗಿದ್ದಳು. ಅವನು ಎದ್ದು, ಇವರಿಬ್ಬರೂ ಇದ್ದಾರೆಂಬುದನ್ನೂ ಮರೆತವನಂತೆ, ಅವಳ ಹೆಗಲ ಮೇಲೆ ಮುಖವಿಟ್ಟ. ಶಾಲು ಮೂಸಿದ, ಕೂದಲು ಮೂಸಿದ. ಏನೂ ಸಿಗಲಿಲ್ಲ. ಮೆಲ್ಲಗೆ ಹಿಂದೆ ಸರಿದು ಗೋಡೆ ಹಿಡಿದುಕೊಂಡು ಕೆಮ್ಮತೊಡಗಿದ.

ಅವಳು ಅವನನ್ನು ಒಳಕೋಣೆಗೆ ಕರೆದೊಯ್ದು ಮಲಗಿಸಿ ಬಂದಳು. ಆ ಕೋಣೆಯ ಹಗ್ಗದ ಮೇಲೆ ಒಗೆಯದ ಸೀರೆಗಳು ನೇತುಬಿದ್ದಿದ್ದವು. ಎಲ್ಲ ಅವಳು ಭಾನುವಾರಗಳಂದು ಉಟ್ಟು ಬಂದವು. ಶ್ರೀವಿದ್ಯಾಳಿಗೆ ಗುರುತು ಸಿಕ್ಕಿತು.

"ಬಾಯಿಯ ಆಪರೇಷನ್ ಆಗಿ ಎರಡು ವರ್ಷ," ಅಂದಳು ಜಯಶೀಲಾ. "ನಾಲಗೆಯನ್ನೂ ತೆಗೆದ್ರು. ಊಟ ಎಲ್ಲ ಹೊಟ್ಟೆಯ ನಳಿಗೆಯಲ್ಲೇ. ಮೊದಲು ಭಾನುವಾರ ಅಂದ್ರೆ ಅವರೇ ಮೀನು ಸುಡುದು, ನನ್ನನ್ನು ಹತ್ರ ಬಿಡ್ತಿರಲಿಲ್ಲ. ಈಗ ಹೊಗೆ ಎದುರು ಬಂದ್ರೆ ಉಸಿರು ಕಟ್ತದೆ. ಮನೆಯಲ್ಲಿ ಹಚ್ಚಲೇಬಾರದು ಅಂತ ಡಾಕ್ಟ್ರು ಹೇಳಿದ್ದಾರೆ. ಹಾಗಾಗಿ ಮಾರಿದೆ. ಆ ಮೊದಲ ದಿನ ನಿಮ್ಮಲ್ಲಿಂದ ಬಂದೆನಲ್ಲ, ಶಾಲು ಮೂಸಿ ಎಷ್ಟೋ ದಿನದ ಮೇಲೆ ಮಗುವಿನ ಹಾಗೆ ನಿದ್ರೆ ಮಾಡಿದ್ರು."

"ಅವರಿಲ್ಲ ಅಂದಿರಲ್ಲ ನೀವು," ಅಂದ ಹೃಷಿಕೇಶ್.

"ಅವರೇ ಹಾಗೆ ಹೇಳಿಸುದು. ಯಾರಿಗೂ ಮುಖ ತೋರಿಸುದಿಲ್ಲ. ಯಾರು ಬೆಲ್ ಮಾಡಿದ್ರೂ ಬಾಗಿಲು ತೆಗೆಯುದಿಲ್ಲ. ಹೇಳಿ ಹೇಳಿ ನನಗೂ ಅದೇ ಬಾಯಿಗೆ ಬರ್ತದೆ." ಅವಳು ಒಳಕೋಣೆಯ ಕಡೆ ನೋಡಿದಳು. "ಮುಚ್ಚಿಟ್ಟದ್ದು ತಪ್ಪೇ. ಹೇಳಿದ್ರೆ ನೀವು ಹೊಗೆಯನ್ನು ಕೊಡ್ತೀರೋ ಇಲ್ವೋ ಅಂತ ಹೆದರಿಕೆ ಆಯ್ತು."

ಗಂಡ ಹೆಂಡತಿ ಗ್ರಿಲ್ಲನ್ನು ಎತ್ತಿಕೊಂಡು ವಾಪಸು ಬಂದರು.

ಮಾರನೆಯ ದಿನ ಶ್ರೀವಿದ್ಯಾ ಬ್ಯಾಂಕಿಗೆ ರಜೆ ಹಾಕಿ ಒಬ್ಬಳೇ ಡೊಂಬಿವಲಿಗೆ ಹೋದಳು. ಜಾನಕಮ್ಮ ಮಗಳ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದರು. ಸೊಸೆ ನಡೆದದ್ದೆಲ್ಲ ಹೇಳಿದಳು. ಬಾಗಿಲ ಸಂದಿಯ ಉಸಿರಿನ ಸದ್ದನ್ನು ಹೇಳುವಾಗ ಅತ್ತೆಯ ಕೈ ನಿಂತಿತು.

"ಉಪ್ಪು, ಹುಳಿ, ಏನೂ ತಿಳಿಯಲ್ವಾ ಅವನಿಗೆ?"

"ಏನೂ ಇಲ್ಲ ಅತ್ತೆ."

"ನೀರು?"

"ಅದೂ ನಳಿಗೇಲೇ."

ಜಾನಕಮ್ಮ ಹುರುಳಿಕಾಯಿಯ ನಾರನ್ನೆಲ್ಲ ಒಂದು ಕಡೆ ಒಟ್ಟುಮಾಡಿದರು. "ಮೀನು ಅವನಿಗೆ ಬೇಕೇ ಬೇಕಂತಾ?"

"ತರಕಾರಿ ಹೊಗೆ ರೈಲಲ್ಲೇ ಹೋಗ್ಬಿಡತ್ತಂತೆ."

ಜಾನಕಮ್ಮ ಹುರುಳಿಕಾಯಿಯ ತಟ್ಟೆ ಪಕ್ಕಕ್ಕಿಟ್ಟರು. ಊಟ ಮಾಡಿಕೊಂಡು ಹೋಗು ಅಂದರು. ಇಬ್ಬರೂ ಎದುರುಬದುರು ಕೂತು ಉಂಡರು. ಹೊರಡುವಾಗ ಸೀರೆಯ ಚೀಲ ಎತ್ತಿಕೊಂಡು ಸೊಸೆಯ ಹಿಂದೆ ತಾವೂ ಮೆಟ್ಟಿಲಿಳಿದರು.

ಜೂನ್ ಎರಡನೆಯ ಭಾನುವಾರ. ಮಳೆಯ ಮೋಡ ಖಾರ್‌ಘರ್ ಗುಡ್ಡದ ಮೇಲೆ ಕೂತಿತ್ತು. ಸಂಜೆ ಬೇಗ ಕಪ್ಪಾಯಿತು. ಜಯಶೀಲಾಳಿಗೆ ಶ್ರೀವಿದ್ಯಾ ತಾನೇ ಫೋನ್ ಮಾಡಿ ಕರೆದಿದ್ದಳು. ಹೃಷಿಕೇಶ್ ಜಾಯಿಂಟಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿದ. ಗುಳ್ಳೆ ಬರಲಿಲ್ಲ. ಬಲಗಡೆಯ ಬರ್ನರು ತಡವಾಗಿಯೇ ಹಿಡಿಯಿತು. ಜಯಶೀಲಾ ತಂದ ಡಬ್ಬಿಯನ್ನು ತೆರೆದು ಬಂಗುಡೆಗಳನ್ನು ಸಾಲಾಗಿ ಇಟ್ಟ.

ಜಾನಕಮ್ಮ ತಮ್ಮ ಒಲೆ, ಪಾತ್ರೆ, ದೇವರ ಪೆಟ್ಟಿಗೆ ಎಲ್ಲವನ್ನೂ ಮಧ್ಯಾಹ್ನವೇ ಒಳಕೋಣೆಗೆ ಸಾಗಿಸಿ ಬಾಗಿಲು ಹಾಕಿದ್ದರು. ಮಾನ್ಯಾಳನ್ನೂ ಅಲ್ಲೇ ಕೂರಿಸಿದ್ದರು. ಮೀನಿನ ಎಣ್ಣೆ ಚುರುಗುಟ್ಟಿದ ಸದ್ದಿಗೆ ಅವರು ಆ ಬಾಗಿಲು ತೆರೆದುಕೊಂಡು ಹಿಂಬಾಗಿಲವರೆಗೂ ಬಂದರು. ಮೂಗಿಗೆ ಸೆರಗು ಒತ್ತಿ ಹಿಡಿದಿದ್ದರು. ಹೃಷಿಕೇಶನ ಕೈಯಲ್ಲಿದ್ದ ಇಕ್ಕಳ ನಿಂತಿತು.

ಹೊಗೆ ಎದ್ದು ಗೋಡೆಯ ಕಡೆ ವಾಲಿತು. ಜಯಶೀಲಾ ಜಾನಕಮ್ಮನವರನ್ನು ಕಂಡು ಸಂಕೋಚದಿಂದ ಮೂಲೆಗೆ ಸರಿದಿದ್ದಳು. ಕೂದಲನ್ನೂ ಬಿಚ್ಚಿರಲಿಲ್ಲ.

"ಅಲ್ಲಿ ನಿಂತ್ರೆ ಏನು ಹಿಡಿಯತ್ತಮ್ಮ," ಅಂದರು ಜಾನಕಮ್ಮ, ಸೆರಗಿನ ಒಳಗಿಂದ. "ಈ ಕಡೆ ಬಾ. ಗಾಳಿ ಇತ್ಲಾಗಿದೆ."

ಅವಳು ಬಂದು ಹೊಗೆಯಲ್ಲಿ ನಿಂತು ಕೂದಲು ಬಿಚ್ಚಿದಳು. ಕಲ್ಲುಹಾಸಿನ ಮೇಲೆ ಮಳೆಯ ಮೊದಲ ಹನಿಗಳು ಬಿದ್ದವು. ಶ್ರೀವಿದ್ಯಾ ಛತ್ರಿ ತಂದು ಗ್ರಿಲ್ಲಿಗೂ ಅವಳಿಗೂ ಸೇರಿಸಿ ಹಿಡಿದಳು. ಛತ್ರಿಯ ಅಡಿಯಲ್ಲಿ ಹೊಗೆ ಹೋಗಲು ದಾರಿಯಿಲ್ಲದೆ ಅವಳ ಸುತ್ತ ದಟ್ಟವಾಗಿ ಸುತ್ತಿಕೊಂಡಿತು. ಮುಖವೂ ಕಾಣದಾಯಿತು, ಶಾಲಿನ ಅಂಚಷ್ಟೇ ಕಾಣುತ್ತಿತ್ತು.

"ಬೆನ್ನಿಗೂ ಹಿಡೀಲಿ," ಅಂದರು ಜಾನಕಮ್ಮ. "ತಿರುಗು."

ಹೊಗೆಯೊಳಗೆ ಅವಳು ನಿಧಾನವಾಗಿ ತಿರುಗಿದಳು.